ಹೆಸರಿಲ್ಲದ ಹಾಳೆ

ಮಾರ್ಚ್ ತಿಂಗಳು. ವಾಬಾಶ್ ನದಿ ಕೆಸರಿನ ಬಣ್ಣಕ್ಕೆ ತಿರುಗಿದೆ.
ರಸ್ತೆಗೆ ಸುರಿದ ಉಪ್ಪೆಲ್ಲ ಶಾಲಾ ಬಸ್ಸುಗಳ ಹೊಟ್ಟೆಗೆ ಮೆತ್ತಿ
ಹಳದಿಯೂ ಹಳದಿಯಾಗಿ ಉಳಿದಿಲ್ಲ.
ನಾನು, ವರ್ನಾ ಸ್ಟಕಿ, ಟೆರಿ ಹೋಟ್ ಡಿಪೋದ ಗಾಜಿನ ಗೂಡಲ್ಲಿ ಕೂತು
ಇಪ್ಪತ್ತೆರಡು ವರ್ಷದಿಂದ ಎರಡು ಲೆಕ್ಕ ಇಡುತ್ತೇನೆ:
ಯಾವ ಬಸ್ಸು ಎಲ್ಲಿಗೆ ಹೋಯಿತು,
ಯಾರ ಊಹೆ ಎಲ್ಲಿ ಹಳ್ಳ ಹಿಡಿಯಿತು.

ತಲೆಗೆ ಐದು ಡಾಲರ್. ಕಾಫಿ ಡಬ್ಬಿಯೇ ಖಜಾನೆ.
ಅರವತ್ನಾಲ್ಕು ಕಾಲೇಜು, ಒಂದು ಹಾಳೆ,
ಎರಡೂ ಅಂಚಿನಿಂದ ಗೆರೆಗಳು ಜೋಡಿಜೋಡಿಯಾಗಿ ಒಳಕ್ಕೆ ಸರಿದು
ನಡುವೆ ಒಬ್ಬರಿಗೆ ಮಾತ್ರ ಜಾಗ.
ಗುರುವಾರ ಹನ್ನೆರಡು ಗಂಟೆಯ ಮೇಲೆ ತಿದ್ದುವಂತಿಲ್ಲ.
ಪೆನ್ಸಿಲ್ ನಡೆಯೋದಿಲ್ಲ.
ನಡೆಯೋದಿಲ್ಲ ಅಂದರೆ ನಡೆಯೋದಿಲ್ಲ, ಆರ್ವಿಲ್.

ಆರ್ವಿಲ್ ಪ್ರತಿ ವರ್ಷ ಅಂಕಿಅಂಶ ಓದಿ ಸೋಲುತ್ತಾನೆ.
ಮಾರ್ವೆಲ್ ಅಂಗಿಯ ಬಣ್ಣ ನೋಡಿ ಆರಿಸುತ್ತಾಳೆ,
ನೇರಳೆ ಕಂಡರೆ ಕಣ್ಣು ಮುಚ್ಚಿ.
ಹನ್ನೆರಡನೇ ರೂಟಿನ ಡ್ವೇನ್, ಬಿಟ್ಟುಹೋದ ಹೆಂಡತಿ ಓದಿದ ಕಾಲೇಜನ್ನು
ಮೊದಲ ಸುತ್ತಲ್ಲೇ ಸೋಲಿಸಿಬಿಡುತ್ತಾನೆ;
ಅದು ಪ್ರತಿ ಸಲ ಗೆದ್ದು ಇವನನ್ನು ಮುಳುಗಿಸುತ್ತದೆ.

ಈ ಸಲ ಮೂವತ್ತೊಂದು ಹಾಳೆ, ಮೂವತ್ತು ಹೆಸರು.
ಒಂದನ್ನು ಯಾರೋ ಬಾಗಿಲ ಸಂದಿಯಲ್ಲಿ ತೂರಿಸಿದ್ದರು,
ನಾಲ್ಕು ಮಡಿಕೆ, ಒಳಗೆ ಐದರ ನೋಟು,
ಗ್ರೀಸಿನ ಹೆಬ್ಬೆಟ್ಟು.

ಮೊದಲ ದಿನವೇ ಸೇಂಟ್ ಆಲ್ಡ್ರಿಕ್,
ಹದಿನಾಲ್ಕನೇ ಶ್ರೇಯಾಂಕ, ಯಾವ ರಾಜ್ಯದ್ದೆಂದು ನಾನು ಭೂಪಟ ನೋಡಬೇಕಾಯಿತು,
ಮೂರನೆಯವರನ್ನು ಅಂಗಾತ ಕೆಡವಿತು.
ಮೂವತ್ತು ಜನ ಹಣೆ ಚಚ್ಚಿಕೊಂಡರು.
ಹೆಸರಿಲ್ಲದ ಹಾಳೆ ಮಾತ್ರ
ಸೇಂಟ್ ಆಲ್ಡ್ರಿಕ್ ಅಂತ ಮೊದಲೇ ಬರೆದುಕೊಂಡು ತಣ್ಣಗೆ ಕೂತಿತ್ತು.

ಶನಿವಾರ, ಭಾನುವಾರ, ಮತ್ತೆ ಗುರುವಾರ.
ಕೆಂಪು ಪೆನ್ನಿನಲ್ಲಿ ಕೂಡಿದೆ, ನಂಬದೆ ಇನ್ನೊಮ್ಮೆ ಕೂಡಿದೆ.
ಗೋಡೆಯ ಪಟ್ಟಿಯಲ್ಲಿ ಎಲ್ಲರ ತಲೆ ಮೇಲೆ ಒಂದು ಪ್ರಶ್ನೆಚಿಹ್ನೆ.
ಸತ್ತ ಸಾಹುಕಾರನಿಗೆ ನೆಂಟರು ಹುಟ್ಟಿಕೊಂಡ ಹಾಗೆ ಬಂದರು:
"ಅದು ನಂದೇ ವರ್ನಾ, ಹೆಸರು ಹಾಕೋದು ಮರೆತೆ."
"ಹಾಗಾದರೆ ಫೈನಲ್ಲಿನ ಒಟ್ಟು ಅಂಕ ಎಷ್ಟು ಅಂತ ಬರೆದಿದ್ದೆ?"
ಆರ್ವಿಲ್ ನೂರ ನಲವತ್ತು ಎಂದ. ಡ್ವೇನ್ ಛಾವಣಿ ನೋಡಿದ.
ಬರೆದದ್ದು ನೂರ ಮೂವತ್ತೇಳು.
ಆ ಏಳರ ಸೊಂಟಕ್ಕೆ ಅಡ್ಡಲಾಗಿ ಒಂದು ಸಣ್ಣ ಗೀಟು.

ನಮ್ಮ ಡಿಪೋದಲ್ಲಿ ಯಾರೂ ಏಳಕ್ಕೆ ಡಾಬು ಕಟ್ಟುವುದಿಲ್ಲ.
ರಿಪೇರಿ ಪುಸ್ತಕ ತೆಗೆದೆ, ರಾತ್ರಿ ಪಾಳಿಯ ಪುಟ.
ಬಸ್ಸು ಹದಿನೇಳು, ಬಸ್ಸು ಇಪ್ಪತ್ತೇಳು, ಎಲ್ಲ ಏಳಕ್ಕೂ ಡಾಬು.
ಮಿರ್ಸಾದ್. ಬೋಸ್ನಿಯಾದಿಂದ ಬಂದವನು.
ಹನ್ನೊಂದು ವರ್ಷದಲ್ಲಿ ನನ್ನ ಜೊತೆ ಆಡಿದ್ದು
"ಗುಡ್ ಈವನಿಂಗ್", "ಬ್ರೇಕ್ ಓಕೆ".
ಪುಸ್ತಕ ಮುಚ್ಚಿದೆ.
ಹೇಳಬಾರದು ಅಂತೇನಿರಲಿಲ್ಲ; ಹೇಳಲಿಲ್ಲ.

ಸೇಂಟ್ ಆಲ್ಡ್ರಿಕ್ ಎಂಟರ ಘಟ್ಟದಲ್ಲಿ ಸೋತಿತು. ಅದನ್ನೂ ಅವನು ಬರೆದಿದ್ದ.
ಸೋಮವಾರದ ಫೈನಲ್ ಮಾತ್ರ ಕೈಕೊಟ್ಟಿತು.
ಹತ್ತೊಂಬತ್ತರ ಹುಡುಗ, ಎರಡು ಫ್ರೀ ಥ್ರೋ;
ಮೊದಲನೆಯದು ಬೋರ್ಡಿಗೆ ಬಡಿದು ವಾಪಸ್ಸು,
ಎರಡನೆಯದು ರಿಮ್ಮಿನ ಮೇಲೆ ಕೂತು, ಯೋಚಿಸಿ, ಹೊರಗಿಳಿಯಿತು.
ನೇರಳೆ ಅಂಗಿಯವರು ಗೆದ್ದರು.
ಮಾರ್ವೆಲ್‌ಗೆ ನೂರ ಐವತ್ತೈದು ಡಾಲರ್, ನಮಗೆಲ್ಲ ಪಿಜ್ಜಾ,
ಅದರ ಮೇಲೆ ಅನಾನಸ್ ಹಾಕಿಸಿದ್ದಕ್ಕೆ ಜಗಳ.

ಎರಡು ತುಂಡು ತಟ್ಟೆಗೆ ಹಾಕಿಕೊಂಡು ರಾತ್ರಿ ಶೆಡ್ಡಿಗೆ ಹೋದೆ.
ಅವನು ನನ್ನನ್ನು ನೋಡಲಿಲ್ಲ.
ಕೈ ಒರೆಸಿದ ಬಟ್ಟೆ ಉಂಡೆ ಮಾಡಿ
ಒಮ್ಮೆ ಮಂಡಿ ತಗ್ಗಿಸಿ ಎಸೆದ,
ಎರಡು ಬಸ್ಸಿನಾಚೆಯ ಎಣ್ಣೆ ಡ್ರಮ್ಮಿಗೆ, ಅಂಚಿಗೂ ತಾಗದ ಹಾಗೆ.
ಬಟ್ಟೆ ಬಿದ್ದಾಯಿತು.
ಕೈ ಇನ್ನೂ ಮೇಲೆಯೇ ಇತ್ತು, ಮಣಿಕಟ್ಟು ಬಾಗಿ,
ಯಾರಾದರೂ ಸೀಟಿ ಊದುವ ತನಕ ಇಳಿಸಬಾರದೇನೋ ಎಂಬಂತೆ.

ತಟ್ಟೆಯನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಕೆಮ್ಮಿದೆ.
"ಗುಡ್ ಈವನಿಂಗ್" ಎಂದ.
ಸ್ವಲ್ಪ ತಡೆದು,
"ಆ ಹುಡುಗ... ಮೊಣಕೈ ಹೊರಗೆ ಹೋಯಿತು" ಎಂದ.