ನಾಲ್ಕು ಬೆರಳಿನ ಜಾಗ

ಶಾರ್ಜಾ, ಹನ್ನೊಂದನೇ ಇಂಡಸ್ಟ್ರಿಯಲ್ ಏರಿಯಾ,
ಟೈರಿನಂಗಡಿ ದಾಟಿ ಮೂರನೇ ಶಟರು.
ರಾತ್ರಿ ಒಂಬತ್ತಾದರೂ ತಗಡಿನ ಬಿಸಿ ಇಳಿದಿಲ್ಲ.
ಮೈಥಾ ಬಂದು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು
ತನ್ನ ಅರೆಬರೆ ಹಿಂದಿಯಲ್ಲಿ ಒಂದೇ ಮಾತು:
ಸಿಪ್ರಿಯನ್, ಪಟ್ಟಿ ಜಾರ್ತದೆ.

ಕಾರಿನೊಳಗೆ ತಲೆ ತೂರಿಸಿ ನೋಡಿದೆ.
ಸೀಟಿನ ಹಿಂದೆ ಅಡ್ಡ ಹಾಯ್ದ ಕೊಳವೆ
ನಾನೇ ಕೂರಿಸಿದ್ದು, ಹೋದ ರಮ್ಜಾನಿಗೆ ಮೊದಲು.
ನುಣುಪಾಗಿ ಕಪ್ಪು ಬಣ್ಣ ಹೊಡೆದಿದ್ದೆ;
ಅಂದ ನೋಡಿದ್ದೆ, ಜಾರುವುದನ್ನು ನೋಡಿರಲಿಲ್ಲ.
ಎಡಗಡೆ ಬಣ್ಣ ಸವೆದು ಉಕ್ಕು ಕಾಣುತ್ತಿತ್ತು:
ಪ್ರತಿ ಬಲತಿರುವಿಗೂ ಪಟ್ಟಿ ಹೊರಟುಹೋದ ದಾರಿ.

ಆರು ಬಾಲದ ಪ್ರಾಣಿ ಇದು.
ನಾಲ್ಕು ಬಾಲ ನೆಲಕ್ಕೆ ಬೋಲ್ಟಾಗಿವೆ.
ಭುಜದವೆರಡು ಮಾತ್ರ ಕೊಳವೆಗೆ ಸುತ್ತಿಕೊಂಡಿವೆ,
ಸುತ್ತಿಕೊಂಡದ್ದಕ್ಕೆ ಅಲೆಯುವ ಚಟ.

ಟೇಪು ಸುತ್ತು, ಅಂದ ಗುಲ್ ಜಮಾನ್.
ಈ ಬಿಸಿಲಿಗೆ ಅದರ ಅಂಟು ಬೆಲ್ಲದ ಪಾಕ.
ಹಾಗಾದರೆ ಹೊಲಿ.
ಸೂಜಿ ಹೊಕ್ಕಲ್ಲೇ ಹರಿಯುವುದು ಪಟ್ಟಿಯ ಗುಣ.
ನಾಲ್ಕು ಬಳೆ ಬೆಸುಗೆ ಹಾಕಿಬಿಡು, ಮತ್ತೇನು!
ಇಪ್ಪತ್ತೆರಡು ವರ್ಷದ ಬೆಸುಗೆಯವನು ನಾನು,
ಕಿಡಿಗೆ ಹೆದರಿದವನಲ್ಲ.
ಆದರೆ ಸುಟ್ಟ ಉಕ್ಕು ಮುರಿಯುವುದು
ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ.
ಯಾರೂ ಹೇಳಿಕೊಟ್ಟದ್ದಲ್ಲ ಇದು.
ಬೇರೆ ಕಾರು. ಬೇರೆ ಹುಡುಗ.
ಆ ಶಟರು ಈಗ ಜ್ಯೂಸ್ ಅಂಗಡಿ.

ಜಮಾನ್ ಮತ್ತೆ ಮಾತಾಡದೆ
ಅಲ್ಯುಮಿನಿಯಂ ತುಂಡನ್ನು ಲೇತಿಗೆ ಕಚ್ಚಿಸಿದ.
ನಾಲ್ಕು ಬಳೆ, ಒಂದೊಂದನ್ನೂ ಸೀಳಿ ಎರಡು ಹೋಳು,
ಹೋಳಿಗೆ ಹೋಳು ಕೂಡಿಸಲು ಸ್ಕ್ರೂ.
ಅಂಚಿಗೆ ಅರ ಹಾಕಿದೆ, ಹೆಬ್ಬೆರಳಾಡಿಸಿದೆ,
ಮತ್ತೆ ಅರ ಹಾಕಿದೆ.
ಚೂಪು ಅಂಚು ದಿನಕ್ಕೊಂದು ಎಳೆ ತಿನ್ನುತ್ತದೆ,
ಬಡ್ಡಿಯವನ ಹಾಗೆ.

ಎರಡು ಪಟ್ಟಿಗಳ ನಡುವೆ ಎಷ್ಟು ಜಾಗ?
ಅವಳ ಕತ್ತಿನಳತೆ ನಾನು ಕೇಳುವ ಹಾಗಿಲ್ಲ.
ಅವಳೇ ಸೀಟಿಗಿಳಿದು, ಹಿಂದಕ್ಕೆ ತಿರುಗಿ
ಕೊಳವೆಯ ಮೇಲೆ ನಾಲ್ಕು ಬೆರಳು ಊರಿದಳು:
ಇಷ್ಟು.
ಚಾಕಿನಲ್ಲಿ ಗುರುತು ಎಳೆಯುವಾಗ ಕಂಡಿತು
ಕಾಲರಿನ ಪಕ್ಕ ಒಂದು ನೇರಳೆ ಬರೆ,
ಪಟ್ಟಿಯಷ್ಟೇ ಅಗಲ.
ನೋಡದವನಂತೆ ಸ್ಪ್ಯಾನರ್ ಹುಡುಕಿದೆ.
ಸ್ಪ್ಯಾನರ್ ಕೈಯಲ್ಲೇ ಇತ್ತು.

ಪಟ್ಟಿ ಕೊಳವೆಯನ್ನು ಬಳಸಿ ಬಂದು
ಮೂರು ಸರಳಿನ ಕೊಂಡಿಯೊಳಗೆ ನುಸುಳಬೇಕು,
ಹೊರಬಂದ ತುದಿ ಮತ್ತೆ ಒಳಗೆ ಹೋಗಬೇಕು.
ಈ ಕಡೆಯದೊಂದನ್ನು ಮರೆಯುವವರೇ ಹೆಚ್ಚು.
ನನ್ನ ಮಗಳು ಐಡಾಳ ಶಾಲೆಯ ಚೀಲಕ್ಕೂ
ಹೀಗೇ ಹಾಕುತ್ತೇನೆ ಬೆಳಿಗ್ಗೆ.
ಪಪ್ಪಾ, ಬಸ್ಸು! ಅನ್ನುತ್ತಾಳೆ.
ಬಸ್ಸು ಕಾಯಲಿ.

ಶುಕ್ರವಾರ ರಾತ್ರಿ ರೇಸು. ನಾನು ಹೋಗುವುದಿಲ್ಲ,
ಆ ಹುಡುಗನ ನಂತರ ಹೋಗಿಲ್ಲ.
ಶನಿವಾರ ಶಟರು ಎತ್ತುವ ಮೊದಲೇ ಫೋನಿಗೆ ಒಂದು ಫೋಟೋ.
ಟ್ರೋಫಿ ಇಲ್ಲ, ಮುಖವೂ ಇಲ್ಲ.
ಕೊಳವೆ, ನಾಲ್ಕು ಬಳೆ, ಎರಡು ಪಟ್ಟಿ,
ಕೆಳಗೆ: ಒಂಬತ್ತನೇ ಸ್ಥಾನ.
ಎರಡು ಬೆರಳಲ್ಲಿ ಹಿಗ್ಗಿಸಿ
ಚಾಕಿನ ಗುರುತು ಹುಡುಕಿದೆ.
ಇತ್ತು, ಪಟ್ಟಿಯ ಅಂಚಿಗೆ ತಾಗಿಕೊಂಡೇ.
ಚಹಾ ಹೇಳಿದೆ,
ಜಮಾನನಿಗೂ ಒಂದು.