ಏಳೂಕಾಲು ಇಂಚು

ಕಲಾಸಿಪಾಳ್ಯದ ಹಿಂದಿನ ಗಲ್ಲಿಗೆ ರಿವರ್ಸಿನಲ್ಲೇ ಬಂತು ಲಾರಿ.
ಯಾವುದೋ ಏರೋಡ್ರೋಮಿನ ಹರಾಜಿನಲ್ಲಿ ಬಿಡಿಸಿಕೊಂಡದ್ದು.
ಕ್ಲಚ್ಚಿನ ಪೆಡಲೇ ಇಲ್ಲ. ಆಟೋಮ್ಯಾಟಿಕ್. ಮೂರೇ ಗೇರು.
"ಎಡಗಾಲಿಗೆ ಹನ್ನೊಂದು ವರ್ಷದಿಂದ ರಜಾ"
ಎಂದು ಕೂಗಿದರು ಗಂಗಹನುಮಯ್ಯ.
ಕೂಗಿದರು, ಹೌದು. ಅವರ ಮಾತೆಲ್ಲ ಕೂಗೇ.
ಕೆಟ್ಟು ನಿಂತ ಬಸ್ಸುಗಳನ್ನು ರಾತ್ರಿ ಎಳೆದು ತರುವ ಕಸುಬು,
ಅರವತ್ತು ಮುಟ್ಟಿದರೆ ಇಂಜಿನ್ನು ಅರಚುತ್ತದೆ,
ಇನ್ನೊಂದು ಗೇರಿಗೆ ತಡಕಾಡುತ್ತದೆ,
ಅಲ್ಲಿ ಗೇರಿಲ್ಲ.
ಆ ಅರಚಾಟದ ಮೇಲೆ ಮಾತಾಡಿ ಮಾತಾಡಿ
ಮನೆಯಲ್ಲಿ ಉಪ್ಪು ಕೇಳಿದರೆ
ಪಕ್ಕದ ಮನೆಯವರು ತಂದುಕೊಡುತ್ತಾರಂತೆ.

ಗೋಣಿಯಲ್ಲಿ ಸುತ್ತಿ ತಂದಿದ್ದರು ಓವರ್‌ಡ್ರೈವು,
ಕಂಪನಿಯದಲ್ಲ, ಹೊರಗಿನ ಮಾಲು,
ಎರಡಾಳು ಹಿಡಿದು ಇಳಿಸುವಷ್ಟು ತೂಕ.
ಬಿಚ್ಚುವುದು ಸವರಿಯಪ್ಪನ ಪಾಲು:
ಗೇರ್‌ಬಾಕ್ಸಿನ ಬಾಲ ಕಳಚಿ
ಅದರ ಜಾಗದಲ್ಲಿ ಇದನ್ನು ಕೂರಿಸಬೇಕು.
ನನ್ನದು ಲೇತು. ಮೊದಲು ಅಪ್ಪನದಾಗಿತ್ತು.
ಮುಂದಿನದು ಉದ್ದವಾದರೆ ಹಿಂದಿನ ಶಾಫ್ಟು ಗಿಡ್ಡವಾಗಬೇಕು,
ಅಷ್ಟೇ ಲೆಕ್ಕ. ಆದರೂ ಮೂರು ಸಲ ಅಳೆದೆ.
ಅಪ್ಪ ಹೇಳುತ್ತಿದ್ದ:
ಉದ್ದ ಇದ್ದರೆ ಕಡೀಬಹುದು,
ಗಿಡ್ಡ ಆದರೆ ಅಳಬಹುದು.

ಸವರಿಯಪ್ಪ ಮುಚ್ಚಳ ತೆಗೆದು ತೋರಿಸಿದ.
ನಡುವೆ ಸೂರ್ಯ, ಸುತ್ತ ನಾಲ್ಕು ಗ್ರಹ, ಹೊರಗೊಂದು ಉಂಗುರ.
ಅವನಿಟ್ಟ ಹೆಸರಲ್ಲ, ಆ ಗೇರುಗಳ ಹೆಸರೇ ಹಾಗೆ.
"ಎಲ್ಲಾ ಒಟ್ಟಿಗೆ ಸುತ್ತಿದ್ರೆ ಬಂದಷ್ಟೇ ಹೋಗುತ್ತೆ.
ಸೂರ್ಯನ್ನ ಹಿಡಿದು ನಿಲ್ಲಿಸು,
ಗ್ರಹ ಒಂದು ಸುತ್ತು ಬರೋದ್ರೊಳಗೆ
ಉಂಗುರ ಒಂದೂಕಾಲು."
ಗ್ರೀಸಿನ ಕೈಯಲ್ಲಿ ತಿರುಗಿಸಿ ನೋಡಿದೆ.
ಹಾಗೇ ಇತ್ತು.
ಯಾಕೋ ಮೈ ಜುಮ್ಮೆಂದಿತು, ಬೇಗ ಮುಚ್ಚು ಎಂದೆ.

ಕಡಿದೆ. ಸೇರಿಸಿ ವೆಲ್ಡು ಹೊಡೆದೆ.
ತಿರುಗಿಸಿ, ಬಳಪ ತಾಗಿಸಿ, ಎಲ್ಲಿ ಕುಣಿಯುತ್ತದೆಂದು ಹುಡುಕಿ
ನಾಲ್ಕಾಣೆಯಗಲದ ತಗಡು ಅಂಟಿಸಿದೆ, ಕುಣಿತ ನಿಂತಿತು.
ಸ್ವಿಚ್ಚು ಎಸ್.ಪಿ. ರೋಡಿನದು, ಮನೆ ಬಾಗಿಲ ಬೆಲ್ಲಿನದು,
ಗಂಟೆಯ ಚಿತ್ರವೂ ಇದೆ ಮೇಲೆ.
ಸ್ಪೀಡೋಮೀಟರಿಗೆ ಹೊಸ ವಿಷಯ ಯಾರೂ ಹೇಳಿಲ್ಲ,
ಅದು ಅರವತ್ತೆಂದರೆ ನೀವು ಎಪ್ಪತ್ತೈದು ಓದಿಕೊಳ್ಳಬೇಕು.

ಟ್ರಯಲ್ಲು ನೋಡಲು ಈ ಊರಲ್ಲಿ ರೋಡೆಲ್ಲಿದೆ?
ಮಾರ್ಕೆಟ್ಟಿಂದ ಟೌನ್‌ಹಾಲಿಗೆ ಮುಕ್ಕಾಲು ಗಂಟೆ,
ಎರಡನೇ ಗೇರು ಬಿದ್ದದ್ದೇ ಪುಣ್ಯ.
ಗಂಟೆಯ ಚಿತ್ರ ಸುಮ್ಮನೆ ನಮ್ಮನ್ನು ನೋಡುತ್ತಿತ್ತು.
ರಾತ್ರಿ ಎರಡೂವರೆಗೆ ಮತ್ತೆ ಹೊರಟೆವು, ತುಮಕೂರು ರಸ್ತೆ,
ಕ್ಯಾಬಿನ್ನಿನಲ್ಲಿ ನಾವು ಮೂವರು, ಕ್ಲೀನರು ಮುನಿಬೈರ ಕಿಟಕಿಗೆ ಒತ್ತಿಕೊಂಡು.
ಮಾದಾವರ ದಾಟಿತು. ಅರಚಾಟ ಶುರುವಾಯಿತು.
ಒತ್ತಿ ಎಂದು ಸನ್ನೆ ಮಾಡಿದ ಸವರಿಯಪ್ಪ.
ಒತ್ತಿದರು.
ಏನೂ ಇಲ್ಲ.
ಏನೂ ಇಲ್ಲ.
ಆಮೇಲೆ, ಅತ್ತು ಅತ್ತು ಮಗು ಇದ್ದಕ್ಕಿದ್ದಂತೆ
ನಿದ್ದೆಗೆ ಜಾರಿದ ಹಾಗೆ.
ಇಪ್ಪತ್ನಾಲ್ಕು ನೂರು ಸುತ್ತು ಹತ್ತೊಂಬತ್ತಕ್ಕಿಳಿಯಿತು,
ಹೊರಗಿನ ಮರಗಳು ಮಾತ್ರ ಅದೇ ವೇಗದಲ್ಲಿ ಹಿಂದಕ್ಕೆ.

ಕಿಟಕಿಯ ಗಾಜು ಅಲುಗುವುದು ಕೇಳಿಸಿತು.
ಡ್ರಾಯರಿನಲ್ಲಿ ಉರುಳುವ ಯಾವುದೋ ನಟ್ಟು.
ಮತ್ತೆ, ಮುನಿಬೈರ. ಗುನುಗುತ್ತಿದ್ದ.
"ಲೋ, ನೀನು ಹಾಡ್ತೀಯೇನೋ?"
"ದಿನಾ ಹಾಡ್ತೀನಲ್ಲಣ್ಣಾ."
ಗಂಗಹನುಮಯ್ಯ ನೆಲಮಂಗಲದವರೆಗೂ ಮಾತಾಡಲಿಲ್ಲ.
ಹುಡುಗನಿಗೆ ಶ್ರುತಿಯೇ ಇರಲಿಲ್ಲ,
ಯಾರೂ ನಿಲ್ಲಿಸು ಅನ್ನಲೂ ಇಲ್ಲ.

ಕಡಿದ ತುಂಡು ನನ್ನ ಬೆಂಚಿನ ಮೇಲಿದೆ,
ಏಳೂಕಾಲು ಇಂಚು ಟೊಳ್ಳು ಕೊಳವೆ,
ಅದರಲ್ಲೀಗ ಬಳಪ, ಅರ, ಹಳೇ ಬ್ರಶ್ಶು.
ವಾರ ಬಿಟ್ಟು ಲೆಕ್ಕ ಚುಕ್ತಾ ಮಾಡಲು ಬಂದರು.
ಲೇತು ಓಡುತ್ತಿತ್ತು, ಹತ್ತೊಂಬತ್ತು ವರ್ಷದಿಂದ ಓಡುತ್ತಲೇ ಇದೆ,
ಬಲಗಿವಿ ಅದಕ್ಕೇ ಬರೆದುಕೊಟ್ಟಿದ್ದೇನೆ.
ಪಕ್ಕದಲ್ಲಿ ನಿಂತು ಏನೋ ಹೇಳಿದರು, ಮೆಲ್ಲಗೆ,
ತುಟಿ ಅಲ್ಲಾಡಿದ್ದಷ್ಟೇ ಕಂಡಿತು.
ಐನೂರು ಬಿಡು ಅಂದರೋ, ಚೆನ್ನಾಗಿದ್ದೀಯಾ ಅಂದರೋ.
"ಜೋರಾಗಿ ಹೇಳ್ರೀ," ಎಂದು ಕೂಗಿದೆ.
ನಕ್ಕರು. ಮತ್ತೆ ಅಷ್ಟೇ ಮೆಲ್ಲಗೆ ಹೇಳಿದರು.