ಇಳಿಯುವಾಗ ಕೇಳಿ

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ. ಹನ್ನೊಂದು ವರ್ಷ.
ಚೀಲದ ತಳಕ್ಕೆ ಕೈ ಬಿಟ್ಟರೆ
ಯಾವುದು ಎರಡರದು, ಯಾವುದು ಐದರದು
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು.

ಈಗ ಚೀಲ ಹಗುರ.
ಹೆಂಗಸರದು ಸೊನ್ನೆ ಟಿಕೆಟ್ಟು,
ಗಂಡಸರು ಫೋನು ಚಾಚುತ್ತಾರೆ.
ಆದರೂ ಕತ್ತಲ ಟ್ರಿಪ್ಪಿನಲ್ಲಿ ಯಾರೋ ದಾಟಿಸಿರುತ್ತಾರೆ
ಹೂವಿನಂಚಿನ ಹತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ.
ನನ್ನ ಜೇಬಿನ ಒಂದು ರೂಪಾಯಿ ಚೀಲಕ್ಕೆ,
ಅದು ನನ್ನ ಜೇಬಿಗೆ.
ಇಲಾಖೆಗೆ ಪೈಸೆ ಮೋಸವಿಲ್ಲ.

ಶನಿವಾರ ಡ್ಯೂಟಿ ಇಳಿದು ಬಜಾರ್ ರಸ್ತೆ,
ಬದರಿನಾರಾಯಣ ಶೆಟ್ಟರ ನಾಣ್ಯದಂಗಡಿ.
ಇಬ್ಬರು ನಿಂತರೆ ಮೂರನೆಯವನು
ಚರಂಡಿ ಚಪ್ಪಡಿಯ ಮೇಲೆ.
ನಾನು ಯಾವಾಗಲೂ ಮೂರನೆಯವನು.

ಟ್ರ್ಯಾಕ್ಟರ್ ಚಿತ್ರದ ಐದರ ನೋಟು ಹಿಡಿದು
ಹುಡುಗನೊಬ್ಬ: "ಫೋನಲ್ಲಿ ಐದು ಲಕ್ಷ ಅಂತಾರೆ."
"ಹಂಗಾದ್ರೆ ಫೋನಿಗೇ ಮಾರಪ್ಪ.
ನಾನು ಏಳು ರೂಪಾಯಿ ಕೊಡ್ತೀನಿ."
ಕಾಸಿನ ಸರದಿಂದ ಒಂದನ್ನು ಬಿಚ್ಚಿ ತಂದ ಮುದುಕಿಗೆ:
"ತೂತು ಹಾಕಿಸಿಬಿಟ್ಟಿದೀರಲ್ಲಮ್ಮ, ಬೆಲೆ ಹೋಯ್ತು."
"ತೂತಿಲ್ದೆ ಕೊರಳಿಗೆ ಹೆಂಗೆ ಹಾಕ್ಕೊಳ್ಳಲಿ, ನೀನೇ ಹೇಳು?"
ಶೆಟ್ಟರು ಹೇಳಲಿಲ್ಲ. ತೂಗಿದರು, ಬೆಳ್ಳಿಗಷ್ಟೇ ಕೊಟ್ಟರು.
ಆಕೆ ಎರಡು ಸಲ ಎಣಿಸಿ, ದಾರವನ್ನು ವಾಪಸ್ ಕೇಳಿ ಇಸಕೊಂಡಳು.

ನನ್ನ ಸರದಿ ಬಂದ ಆ ಶನಿವಾರ
ಜೇಬಿನಲ್ಲಿದ್ದದ್ದು ಹಂಡಿಗನಾಳದ ಹುಡುಗನ ರೂಪಾಯಿ.
ಬೆಳಗಿನ ಮೊದಲ ಬಸ್ಸು, ಹೊರಗೆ ರೇಷ್ಮೆಗೂಡು ಬೇಯುವ ವಾಸನೆ.
"ಪಾಸ್ ಮನೇಲಿ ಬಿಟ್ಟಿದೀನಿ."
ಎಂಟು ರೂಪಾಯಿಗೆ ಐದರದೊಂದು, ಎರಡರದೊಂದು,
ಮತ್ತೆ ಇದು:
ಅಗಲ, ತಣ್ಣಗೆ, ಅಂಗೈ ತುಸು ಕೆಳಗಿಳಿಯುವಷ್ಟು ಭಾರ.
ಲೆಕ್ಕ ಸರಿ. ಚಿಲ್ಲರೆ ಬಾಕಿಯಿಲ್ಲ. ರೈಟ್ ಅಂದೆ.

ಶೆಟ್ಟರು ಕಲ್ಲಿನ ಮೇಲೆ ಬಿಟ್ಟರು. ಖಣ್ ಅಂದಿತು.
ರಾಜನ ಗಡ್ಡದ ಸಂದಿಗೆ ಭೂತಗನ್ನಡಿ ಹಿಡಿದು
"ಕುಂಕುಮ ಇದೆ" ಅಂದರು. "ಎಲ್ಲಿಯದು?"
"ನಮ್ಮಜ್ಜಿದು."
ನಮ್ಮಜ್ಜಿ ಒಂದು ಕಾಲುಂಗುರವನ್ನೂ ಬಿಟ್ಟು ಹೋದವಳಲ್ಲ.
"ತೊಳೀಬೇಡ್ರಿ ಮತ್ತೆ. ತೊಳೆದ್ರೆ ಬೆಲೆ ಬಿದ್ದೋಗುತ್ತೆ."
ಸಾವಿರದ ನೂರು ಎಣಿಸಿ ಕೊಟ್ಟರು.
ಸಿಲಿಂಡರ್ ಬಂತು. ಉಳಿದದ್ದು ಎಲ್ಲಿ ಹೋಯಿತೋ.

ಆಮೇಲೆ ಶನಿವಾರಗಳಂದು ಗಾಜಿನೊಳಗೆ ಅದನ್ನು ನೋಡುತ್ತಿದ್ದೆ.
ಚೀಟಿ: ಸಾವಿರದ ಆರುನೂರ ಐವತ್ತು.
ಮಾರಲು ಏನೂ ಇಲ್ಲದ ದಿನವೂ ಹೋಗುತ್ತಿದ್ದೆ.
ದೀಪಾವಳಿಗೆ ನಾಕು ದಿನ ಇರುವಾಗ ಜಾಗ ಖಾಲಿ,
ಮಖಮಲ್ಲಿನ ಮೇಲೆ ದುಂಡನೆ ತಗ್ಗು.

"ಯಾರೋ ಹೆಂಗಸು" ಅಂದರು ಶೆಟ್ಟರು.
"ಇಸವಿ ಕೇಳಲಿಲ್ಲ. ರಾಜ ಯಾರಂತ ನೋಡಲಿಲ್ಲ.
ಬೆಳಕಿಗೆ ತಿರುಗಿಸಿ ಆ ಕುಂಕುಮ ನೋಡಿದಳು,
ಉಗುರಲ್ಲಿ ಮುಟ್ಟಿ ನೋಡಿದಳು.
ಚೌಕಾಸಿಯೇ ಇಲ್ಲ ಮಾರಾಯ!
ನಲವತ್ತು ವರ್ಷದಲ್ಲಿ ಅಂಥ ಗಿರಾಕಿ ಬಂದಿಲ್ಲ."
ಜೊತೆಗೆ ಹುಡುಗ ಇದ್ದನಾ ಅಂತ ಕೇಳಲು ಬಾಯಿ ತೆರೆದೆ.
"ಟೀ ತರಿಸ್ಲಾ?" ಅಂದರು.
ಬೇಡ ಅಂದೆ.

ಅವಳೇ ಇರಬೇಕಂತೇನಿಲ್ಲ.
ಲಕ್ಷ್ಮೀಪೂಜೆಗೆ ಒಂದು ರೂಪಾಯಿ ಯಾರಿಗೆ ಬೇಡ?

ಹಂಡಿಗನಾಳದಲ್ಲಿ ಈಗಲೂ ಹುಡುಗ ಹತ್ತುತ್ತಾನೆ,
ಪಾಸು ಕೊರಳಿಗೆ ನೇತುಹಾಕಿಕೊಂಡು, ನನ್ನ ಮುಖ ನೋಡದೆ.
ಒಮ್ಮೊಮ್ಮೆ ತಾಯಿಯೂ ಇರುತ್ತಾಳೆ. ಅವಳಿಗೆ ಸೊನ್ನೆ ಹರಿದು ಕೊಡುತ್ತೇನೆ.
ಹಿಂಬದಿಯಲ್ಲಿ ಬಾಕಿ ಬರೆಯಲು
ಆ ಟಿಕೆಟ್ಟಿಗೆ ಲೆಕ್ಕವೇ ಇಲ್ಲ.

ಅಂಗಿಯ ಒಳಜೇಬಿನಲ್ಲಿ ಮಡಿಸಿಟ್ಟ ನೋಟುಗಳಿವೆ,
ಸಾವಿರದ ಆರುನೂರ ಐವತ್ತು, ಬೆವರಿಗೆ ಮೆತ್ತಗಾಗಿವೆ.
ಐನೂರು ಕೊಟ್ಟು ಚಿಲ್ಲರೆಗೆ ಕಾಯುವವರಿಗೆಲ್ಲ
ದಿನಾ ಹೇಳುವುದನ್ನೇ, ಅವರ ಸೀಟಿನ ಪಕ್ಕ
ಸ್ವಲ್ಪ ಜೋರಾಗಿ ಹೇಳುತ್ತೇನೆ:
ಇಳಿಯುವಾಗ ಕೇಳಿ.

ಇಳಿಯುತ್ತಾರೆ.